ಹಮಾಲಿಯ ಇಂಗ್ಲಿಷನ್ನು ತಿದ್ದಬೇಕೆ?

ಪ್ರಶ್ನೆ: ಇಂಗ್ಲಿಷ್ ಕಥೆಯೊಂದನ್ನು ಹವ್ಯಾಸಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಲಂಡನ್ನಿನ ಹಮಾಲಿಯೊಬ್ಬ ‘ಐ ಐಂಟ್ ಗಾಟ್ ನೋ ಮನಿ’, ‘ಹೀ ಡೋಂಟ್ ನೋ ನಥಿಂಗ್’ ಎನ್ನುತ್ತಾನೆ. ಇದು ಅಚ್ಚಿನ ದೋಷವೇ? ಅನುವಾದದಲ್ಲಿ ತಿದ್ದಬೇಕೆ, ಅಥವಾ ನಮ್ಮ ಕಡೆಯ ಆಡುಮಾತಿನಲ್ಲಿ ಬರೆಯಬಹುದೆ?
— ಓದುಗರೊಬ್ಬರು, ಗುಬ್ಬಿ, ತುಮಕೂರು ಜಿಲ್ಲೆ

ಉತ್ತರ: ಅಚ್ಚಿನ ದೋಷವಲ್ಲ, ಕಥೆಗಾರರು ಬೇಕೆಂದೇ ಆಡಿಸಿದ ಮಾತು. ‘ಐಂಟ್’ ಜೊತೆಗೆ ‘ನೋ’, ‘ಡೋಂಟ್’ ಜೊತೆಗೆ ‘ನಥಿಂಗ್’ ಬಂದಂತೆ ಎರಡು ನಿಷೇಧಗಳು ಸೇರಿದರೆ ಅರ್ಥ ‘ಹೌದು’ ಎಂದಾಗುತ್ತದೆಂದು ಶಾಲೆಯಲ್ಲಿ ಕಲಿಸುತ್ತಾರಾದರೂ, ಆ ನಿಯಮ ಇಂಗ್ಲಿಷಿನ ಜೊತೆಯಲ್ಲೇ ಹುಟ್ಟಿದ್ದಲ್ಲ. 14ನೆಯ ಶತಮಾನದ ಕವಿ ಚಾಸರ್ ಒಂದೇ ವಾಕ್ಯದಲ್ಲಿ ಹಲವು ನಿಷೇಧಗಳನ್ನು ಪೇರಿಸಿ ‘ಇಲ್ಲ’ ಎಂಬುದನ್ನು ಗಟ್ಟಿಗೊಳಿಸಿದ್ದುಂಟು. ಶಿಷ್ಟ ಬರಹದಿಂದ ಆಗಲೇ ಹಿಂದೆ ಸರಿಯುತ್ತಿದ್ದ ಈ ರೂಢಿಯನ್ನು 18ನೆಯ ಶತಮಾನದ ವ್ಯಾಕರಣಕಾರರು ಲೆಕ್ಕದ ತರ್ಕ ಹೂಡಿ ದೋಷವೆಂದು ಸಾರಿದರು; ಆದರೆ ದುಡಿಯುವ ಜನರ ನಾಲಿಗೆ ಅದನ್ನು ಬಿಡಲಿಲ್ಲ. ‘ಹೀ ಡಸಂಟ್’ ಎನ್ನಬೇಕಾದಲ್ಲಿ ಬರುವ ‘ಹೀ ಡೋಂಟ್’ ಎಂಬುದನ್ನಂತೂ ಒಂದು ಕಾಲದಲ್ಲಿ ಓದಿದವರೂ ಆಡುತ್ತಿದ್ದರು. ಹಮಾಲಿಯ ಮಾತಿಗೂ ಕಟ್ಟುಪಾಡಿದೆ; ‘ಮನಿ ನೋ ಗಾಟ್ ಐ’ ಎಂದು ಅವನೂ ಹೇಳಲಾರ.

‘ಹೀ ಡೋಂಟ್ ನೋ ನಥಿಂಗ್’ ಎಂಬುದನ್ನು ‘ಅವನಿಗೆ ಏನೋ ಗೊತ್ತಿದೆ’ ಎಂದು ಅನುವಾದಿಸಿದರೆ ಕಥೆಯೇ ತಲೆಕೆಳಗಾದೀತು. ‘ಯಾರೂ ಯಾರಿಗೂ ಏನೂ ಹೇಳಲಿಲ್ಲ’ ಎನ್ನುವಾಗ ನಮ್ಮಲ್ಲಿ ‘ಊ’ ಮೂರು ಕಡೆ ಬಂದರೂ ‘ಇಲ್ಲ’ ಒಂದೇ ಕಡೆ ಬರುತ್ತದೆ. ಆದ್ದರಿಂದ ಎರಡು ನಿಷೇಧಗಳನ್ನು ಹಾಗೆಯೇ ಕನ್ನಡಕ್ಕೆ ತರಲು ಹೋಗಬೇಡಿ. ಅವುಗಳ ಒತ್ತನ್ನು ಮಾತ್ರ ತನ್ನಿ. ‘ನನ್ ಹತ್ರ ಒಂದ್ ಕಾಸೂ ಇಲ್ಲ’, ‘ಅವ್ನಿಗೆ ಏನಂದ್ರೆ ಏನೂ ಗೊತ್ತಿಲ್ಲ’ ಎಂದರೆ ಸಾಕು.

ತಿದ್ದಿ ಗ್ರಾಂಥಿಕವಾಗಿಸುವುದು ಸಲ್ಲದು. ಗುಬ್ಬಿ ವೀರಣ್ಣನವರ ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಂಪನಿ ನಾಟಕಗಳಲ್ಲಿ ರಾಜನ ಗ್ರಾಂಥಿಕ ಮಾತಿನ ಪಕ್ಕದಲ್ಲಿ ಹಾಸ್ಯಗಾರನ ಆಡುಮಾತು ನಿಂತಾಗಲೇ ಎರಡಕ್ಕೂ ಕಳೆ ಬರುತ್ತಿತ್ತು. ನಿಮ್ಮ ಕಥೆಯಲ್ಲೂ ಯಜಮಾನನ ಮಾತಿಗೂ ಹಮಾಲಿಯ ಮಾತಿಗೂ ಇರುವ ಅಂತರ ಉಳಿಯಬೇಕು. ಆದರೆ ‘ಐತೆ’, ‘ಓಯ್ತೀನಿ’ ಎಂದೆಲ್ಲ ಬರೆಸಿದರೆ ಓದುಗರ ಕಣ್ಣಿಗೆ ಅವನು ಲಂಡನ್ನಿನವನಾಗಿರದೆ, ತುಮಕೂರಿನ ಮಂಡಿಯಲ್ಲಿ ಮೂಟೆ ಹೊರುವವನಾಗಿಬಿಡುತ್ತಾನೆ. ಯಾವುದೋ ಒಂದು ಊರಿನದೆಂದು ಗುರುತು ಹತ್ತದ ‘ಹೇಳ್ದ’, ‘ಬರ್ತೀನಿ’, ‘ಅವ್ನು’ ಮುಂತಾದ ಮೊಟಕು ರೂಪಗಳನ್ನು ಬಳಸಿ, ಅವನ್ನೂ ಹಿತಮಿತವಾಗಿ. ಪ್ರತಿ ಪದವನ್ನೂ ಮುರಿದರೆ ಓದುಗರು ಒಗಟು ಬಿಡಿಸುತ್ತ ಕೂರಬೇಕಾಗುತ್ತದೆ.