ಗುಂಪಿಗೆ ಬರುವ ಫೋಟೋದಲ್ಲಿ ಏನಿದೆ ಅಂತ ಫೋನಿನಿಂದಲೇ ಕೇಳಿಸಿಕೊಳ್ಳುವುದು

ಅಣ್ಣಾ, ನಮ್ಮ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿನ ಫೋಟೋ ಮುಟ್ಟಿದರೆ, ಫೋನಿನ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬರೀ "ಫೋಟೋ" ಅಂದು ಸುಮ್ಮನಾಗುತ್ತದೆ, ಕಣ್ಣು ಕಾಣದವರಿಗೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಎಲ್ಲ ಫೋಟೋಗೂ ಒಂದೇ ನಂಬಿಕೆ ಇಡಬೇಡಿ.

ಫೋಟೋ ತೆರೆದು ಮೂರು ಬೆರಳಿನಿಂದ ಒಮ್ಮೆ ತಟ್ಟಿ. ಟಾಕ್‌ಬ್ಯಾಕ್ ಮೆನು ಬರುತ್ತದೆ. ಅದರಲ್ಲಿ ಚಿತ್ರ ವಿವರಿಸುವ ಆಯ್ಕೆ ಇದ್ದರೆ ಅಷ್ಟೇ ಸಾಕು. ಹಳೇ ಫೋನಿನಲ್ಲಿ ಇರಲಿಕ್ಕಿಲ್ಲ. ಆಗ ಬಿ ಮೈ ಐಸ್ ಆಪ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ವಾಟ್ಸಾಪ್‌ನಿಂದ ಫೋಟೋವನ್ನು ಅದಕ್ಕೆ ಶೇರ್ ಮಾಡಿದರೆ ವಿವರಣೆ ಕೊಡುತ್ತದೆ, ಮತ್ತೆ ಮತ್ತೆ ಪ್ರಶ್ನೆ ಕೇಳಬಹುದು. 2015ರಲ್ಲಿ ಅದು ಬಂದಾಗ ಕಣ್ಣಿರುವ ಸ್ವಯಂಸೇವಕರು ವಿಡಿಯೋ ಕಾಲ್‌ನಲ್ಲಿ ನೋಡಿ ಹೇಳುತ್ತಿದ್ದರು. ಎಐ ಸೇರಿದ್ದು 2023ರಲ್ಲಿ. ಕಾಲ್ ಸೌಲಭ್ಯ ಈಗಲೂ ಇದೆ, ಅದನ್ನು ಮರೆಯಬೇಡಿ.

ಮಾರುಕಟ್ಟೆ ದರದ ಚಿತ್ರಕ್ಕೆ ಇದು ಒಳ್ಳೆಯದು. ಆದರೆ ಪೂರ್ತಿ ಓದಿಸಬೇಡಿ. ಕಾಲಂಗಳು ಕಲಸಿ, ಬೆಟ್ಟೆಯ ದರ ಗೊರಬಲಿಗೆ ಅಂಟಿಕೊಳ್ಳಬಹುದು (ಬೆಟ್ಟೆ, ಗೊರಬಲು, ರಾಶಿ ಎಲ್ಲ ಅಡಿಕೆಯ ಬೇರೆ ಬೇರೆ ಬಗೆಗಳು). "ರಾಶಿಯ ಕನಿಷ್ಠ ದರ ಎಷ್ಟು, ಗರಿಷ್ಠ ಎಷ್ಟು" ಅಂತ ಒಂದೊಂದೇ ಕೇಳಿ. ಗರಿಷ್ಠಕ್ಕಿಂತ ಕನಿಷ್ಠವೇ ಜಾಸ್ತಿ ಬಂದರೆ ಅದು ತಪ್ಪು ಓದಿದೆ ಅಂತ ಗೊತ್ತಾಗುತ್ತದಲ್ವಾ?

ರೋಗದ ಫೋಟೋ ಮಾತ್ರ ಬೇರೆ ಕಥೆ. "ಕೈಯಲ್ಲಿ ಹಸಿರು ಎಲೆ, ಮೇಲೆ ಕಂದು ಚುಕ್ಕೆ" ಅಂತ ಹೇಳಿ ಮುಗಿಸುತ್ತದೆ. ನಮಗೆ ಬೇಕಾದದ್ದು ಚುಕ್ಕೆಯ ಸುತ್ತ ಹಳದಿ ಅಂಚಿದೆಯಾ, ಕೆಳಗಿನ ಸೋಗೆಯಲ್ಲೂ ಇದೆಯಾ ಅನ್ನುವುದು. ಅದನ್ನೇ ಬಿಡಿಸಿ ಕೇಳಿ. ರೋಗದ ಹೆಸರು ಕೇಳಬೇಡಿ, ಗೊತ್ತಿಲ್ಲದಿದ್ದರೂ ಒಂದು ಹೆಸರು ಹೇಳಿಬಿಡುತ್ತದೆ. 2016ರಲ್ಲಿ ಫೇಸ್‌ಬುಕ್ ತಾನಾಗಿಯೇ ಫೋಟೋ ವಿವರಿಸುವುದನ್ನು ಶುರು ಮಾಡಿದಾಗ "ಚಿತ್ರದಲ್ಲಿ ಮರ, ಆಕಾಶ ಇರಬಹುದು" ಅಂತ ಅನುಮಾನದಲ್ಲೇ ಪಟ್ಟಿ ಕೊಡುತ್ತಿತ್ತು. ಈಗಿನವು ತಪ್ಪನ್ನೂ ಗಟ್ಟಿಯಾಗಿ, ಚೆಂದದ ವಾಕ್ಯದಲ್ಲಿ ಹೇಳುತ್ತವೆ. ನನಗೆ ಹಳೆಯದೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ.

ಗಿಡಕ್ಕೆ ಹೊಡೆಯುವ ಔಷಧಿ ಡಬ್ಬದ ಮೇಲೆ ವಿಷದ ಮಟ್ಟ ತೋರಿಸುವ ತ್ರಿಕೋನ ಕೆಂಪೋ ಹಳದಿಯೋ ನೀಲಿಯೋ ಹಸಿರೋ ಅಂತ ಕೇಳಬಹುದು. ಕೆಂಪು ಎಂದರೆ ಅತಿ ವಿಷ. ಆದರೆ ಎಷ್ಟು ಮಿಲಿ ಬೆರೆಸಬೇಕು ಅನ್ನುವುದನ್ನು ಮನೆಯವರ ಹತ್ತಿರವೋ ವಿಡಿಯೋ ಕಾಲ್‌ನಲ್ಲೋ ಓದಿಸಿಯೇ ಬೆರೆಸಿ.

ಉಳಿದವರಿಗೂ ಒಂದು ಮಾತು. ಫೋಟೋ ಹಾಕುವಾಗ ಕೆಳಗೆ ಎರಡು ಸಾಲು ಬರೆಯಿರಿ: ಯಾವ ಊರು, ಎಷ್ಟು ವರ್ಷದ ಗಿಡ, ಏನಾಗಿದೆ, ಯಾವಾಗಿನಿಂದ. ಇದನ್ನು ಯಾವ ಆಪ್ ಕೂಡ ಫೋಟೋ ನೋಡಿ ಹೇಳಲಾರದು. ಬರೀ "ಇದಕ್ಕೆ ಏನು ಹೊಡೀಬೇಕು?" ಅಂತ ಹಾಕಿದರೆ ಕಣ್ಣಿರುವ ನಮಗೂ ಉತ್ತರ ಕೊಡಲು ಆಗುವುದಿಲ್ಲ.