ಮಗುವಿನ ಬಟ್ಟೆಯಲ್ಲಿ ಯಾವ ಸೈಜ್ ನಂಬೋದು?

ನಿಮ್ಮ ಮಗಳಿಗೆ ಐದು ತಿಂಗಳು, ತೂಕ ಆರೂವರೆ ಕೆ.ಜಿ. ಹಾಸನದ ಅಂಗಡಿಯಲ್ಲಿ ತಂದ ‘0-3 ತಿಂಗಳು’ ಅಂಗಿ ಇನ್ನೂ ದೊಗಳೆ. ಆನ್‌ಲೈನಿನಲ್ಲಿ ತರಿಸಿದ ‘3-6 ತಿಂಗಳು’ ರಾಂಪರಿಗೆ (ಮೇಲೂ ಕೆಳಗೂ ಸೇರಿ ಒಂದೇ ಉಡುಪು) ಕೆಳಗಿನ ಟಿಚ್ ಬಟನ್ನೇ ಹಾಕಲು ಆಗುತ್ತಿಲ್ಲ. ಮನೆಗೆ ಬಂದವರೆಲ್ಲ ‘ಮಗು ಸೊರಗಿದೆ’ ಅಂತಲೋ ‘ಜಾಸ್ತಿ ದಪ್ಪ ಆಯ್ತು’ ಅಂತಲೋ ಹೇಳಿ ಹೋಗುತ್ತಿದ್ದಾರೆ. ಯಾವ ಸೈಜ್ ನಂಬಲಿ, ಚಳಿಗೆ ಸ್ವೆಟರ್ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ.

ಎರಡನ್ನೂ ನಂಬಬೇಡಿ. ನಾನು ಇಲ್ಲಿನ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಕೆಲಸ ಮಾಡುತ್ತೇನೆ. ನಮ್ಮ ಕೈಗೆ ಬರುವ ಅಳತೆ ಪಟ್ಟಿಯಲ್ಲಿ ಎದೆ ಎಷ್ಟು, ಉದ್ದ ಎಷ್ಟು, ತೋಳು ಎಷ್ಟು ಅಂತ ಸೆಂಟಿಮೀಟರಿನಲ್ಲಿ ಇರುತ್ತದೆ. ಅದಕ್ಕೆ ‘3-6 ತಿಂಗಳು’ ಅನ್ನೋ ಹೆಸರು ಕೊಡುವುದು ಬಟ್ಟೆ ಮಾಡಿಸುವ ಕಂಪನಿ. ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಮಗು. ಎಲ್ಲರೂ ಒಂದೇ ಪಟ್ಟಿ ಇಟ್ಟುಕೊಳ್ಳಬೇಕು ಅನ್ನುವ ಕಡ್ಡಾಯವೂ ಇಲ್ಲ. ಫ್ಯಾಷನ್ ಕಲಿಸುವ ಸಂಸ್ಥೆ ನಿಫ್ಟ್‌ನವರು ‘ಇಂಡಿಯಾ ಸೈಜ್’ ಅಂತ ಭಾರತೀಯರ ಮೈ ಅಳತೆ ತೆಗೆಯಲು ಹೊರಟಾಗಲೂ ತೆಗೆದುಕೊಂಡದ್ದು 15ರಿಂದ 65 ವರ್ಷದವರನ್ನು. ನಮ್ಮ ಕೂಸುಗಳು ಅದರಲ್ಲೂ ಇಲ್ಲ!

ಇನ್ನು ವಯಸ್ಸಿನ ಲೆಕ್ಕವೇ ತೊಡಕಿನದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ನೋಡಿ. ಮೂರು ತಿಂಗಳ ಹೆಣ್ಣು ಮಗುವಿನ ಮಧ್ಯಮ ಉದ್ದ 59.8 ಸೆಂ.ಮೀ, ಆರು ತಿಂಗಳಿಗೆ 65.7. ಅಂದರೆ ಒಂದೇ ‘3-6’ ಅಂಗಿ ಹೆಚ್ಚುಕಡಿಮೆ ಆರು ಸೆಂಟಿಮೀಟರ್ ಬೆಳವಣಿಗೆಗೆ ಹೊಂದಬೇಕು. ತೂಕದಲ್ಲಂತೂ ವ್ಯತ್ಯಾಸ ಇನ್ನೂ ಜಾಸ್ತಿ. ಆರು ತಿಂಗಳ ಹೆಣ್ಣು ಮಕ್ಕಳ ಮಧ್ಯಮ ತೂಕ 7.3 ಕೆ.ಜಿ., ಆದರೆ ಆ ಪಟ್ಟಿಯ ಕೆಳಗಿನ ಗೆರೆ 5.8ರಲ್ಲಿದೆ, ಮೇಲಿನದು 9.2ರಲ್ಲಿ. ಇಬ್ಬರಿಗೂ ಒಂದೇ ಲೇಬಲ್ ಅಂಟಿಸಿದರೆ ಹೇಗೆ ಸ್ವಾಮಿ? ಐದು ತಿಂಗಳಿಗೆ ಮಧ್ಯಮ ತೂಕ 6.9. ನಿಮ್ಮ ಮಗಳ ಆರೂವರೆ ಅದರ ಹತ್ತಿರವೇ ಇದೆ. ಸೊರಗಿದೆಯಾ ಇಲ್ಲವಾ ಅಂತ ನೋಡಲು ತಾಯಿ ಕಾರ್ಡಿನಲ್ಲಿ ಗೆರೆಗಳಿರುವ ಚಾರ್ಟ್ ಇದೆ. ಅಂಗನವಾಡಿಯಲ್ಲಿ ತೂಕ ಹಾಕಿಸಿದಾಗ ಅದರಲ್ಲಿ ಗುರುತು ಹಾಕಿಸಿಕೊಳ್ಳಿ. ಬಟ್ಟೆ ನೋಡಿ ಮಗುವಿನ ಆರೋಗ್ಯ ಹೇಳುವವರ ಮಾತಿಗೆ ಸುಮ್ನೆ ತಲೆಯಾಡಿಸಿ ಸಾಕು.

ಅಂಗಡಿಗಳಲ್ಲಿ ಸಿಗುವ ಸೈಜುಗಳೂ ಒಂದೇ ಜಾತಿಯವಲ್ಲ. ನಮ್ಮ ಕಡೆಯ ಫ್ರಾಕುಗಳಿಗೆ 12, 14, 16 ನಂಬರ್ ಇರುತ್ತದಲ್ವಾ, ಅದು ಸಾಮಾನ್ಯವಾಗಿ ಭುಜದಿಂದ ಕೆಳಗಿನ ಅಂಚಿನವರೆಗಿನ ಉದ್ದ, ಇಂಚಿನಲ್ಲಿ. ಎಕ್ಸ್‌ಪೋರ್ಟ್ ಸರ್‌ಪ್ಲಸ್, ಅಂದರೆ ರಫ್ತಿಗೆ ಹೊಲಿದು ಮಿಕ್ಕ ಬಟ್ಟೆಯಲ್ಲಿ 62, 68, 74 ಅಂತ ಇದ್ದರೆ ಅದು ಯುರೋಪಿನ ಕ್ರಮ, ಮಗುವಿನ ಉದ್ದ ಸೆಂಟಿಮೀಟರಿನಲ್ಲಿ. ನನ್ನನ್ನು ಕೇಳಿದರೆ ಇದ್ದುದರಲ್ಲಿ ಅದೇ ನೆಟ್ಟಗಿನ ಲೆಕ್ಕ. ‘6 ಎಂ’ ಅಂತ ಬರೆದಿರುವುದು ಮಾತ್ರ ಮೋಸ. ಒಬ್ಬರಿಗೆ ಅದು ಮೂರರಿಂದ ಆರು ತಿಂಗಳು, ಇನ್ನೊಬ್ಬರಿಗೆ ಆರರಿಂದ ಒಂಬತ್ತು.

ಒಂದೇ ಕಂಪನಿಯ ಒಂದೇ ಸೈಜಿನ ಎರಡು ಅಂಗಿ ಬೇರೆ ಬೇರೆ ಇರುವುದೂ ಉಂಟು. ಪ್ರತಿ ಅಳತೆಗೂ ‘ಟಾಲರೆನ್ಸ್’ ಅಂತ ಒಂದಿಷ್ಟು ಹೆಚ್ಚು ಕಡಿಮೆ ಬಿಟ್ಟಿರುತ್ತಾರೆ. ದೊಡ್ಡವರ ಶರ್ಟಿನಲ್ಲಿ ಒಂದು ಸೆಂಟಿಮೀಟರ್ ಯಾರಿಗೂ ಗೊತ್ತಾಗುವುದಿಲ್ಲ. ಅಂಗೈಯಗಲದ ಜಬಲಾದಲ್ಲಿ ಗೊತ್ತಾಗುತ್ತದೆ. ಇದರ ಮೇಲೆ ಹೊಸೈರಿ, ಅಂದರೆ ಬನಿಯನ್ ಥರ ಹಿಗ್ಗುವ ಬಟ್ಟೆ. ಥಾನು (ಬಟ್ಟೆಯ ಸುರುಳಿ) ಬಿಚ್ಚಿ ಅದು ಸಡಿಲಗೊಳ್ಳಲು ಬಿಡದೆ ಆತುರದಲ್ಲಿ ಕತ್ತರಿಸಿದರೆ, ಹೊಲಿದ ಮೇಲೆ ಎಳೆದುಕೊಳ್ಳುತ್ತದೆ. ಮನೆಯಲ್ಲಿ ಅಜ್ಜಿ ಕುದಿಯುವ ನೀರಿಗೆ ಹಾಕಿದರೆ ಇನ್ನೂ ಒಂದು ಸುತ್ತು ಗಿಡ್ಡವಾಗುತ್ತದೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಒಣಗಿಸುವವರಿಗೆ ಇದು ಚೆನ್ನಾಗಿ ಗೊತ್ತು.

ಹಾಗಾಗಿ ಈಗ ಮಗಳಿಗೆ ಸರಿಯಾಗಿ ಕೂರುವ, ಒಗೆದು ಒಣಗಿದ ಅಂಗಿ ಒಂದನ್ನು ತೆಗೆದುಕೊಳ್ಳಿ. ಯಾವ ಲೇಬಲ್ ಇದ್ದರೂ ಆದೀತು. ಮಂಚದ ಮೇಲೆ ಹರವಿ ಕಂಕುಳಿಂದ ಕಂಕುಳಿಗೆ ಅಳೆಯಿರಿ. ರಾಂಪರ್ ಆದರೆ ಭುಜದಿಂದ ಕೆಳಗಿನ ಟಿಚ್ ಬಟನ್‌ವರೆಗೂ ಅಳೆಯಿರಿ. ಈ ಎರಡನೆಯದೇ ನಿಮಗೆ ತೊಂದರೆ ಕೊಟ್ಟಿರುವುದು ಅನಿಸುತ್ತದೆ. ಬಟ್ಟೆಯ ಲಂಗೋಟಿ ಅಥವಾ ಕ್ಲಾತ್ ಡಯಪರ್ ಕಟ್ಟಿದ್ದರೆ ಅಲ್ಲೇ ಜಾಗ ತಿನ್ನುತ್ತದೆ, ಆಗ ರಾಂಪರ್ ಒಂದು ಸೈಜ್ ದೊಡ್ಡದೇ ಬೇಕು. ಈ ಎರಡು ಅಳತೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋಗುವಾಗ ಆ ಅಂಗಿಯನ್ನೇ ಬ್ಯಾಗಿಗೆ ಹಾಕಿಕೊಂಡು ಹೋದರೆ ಇನ್ನೂ ಸುಲಭ, ಹೊಸದರ ಮೇಲೆ ಇಟ್ಟು ನೋಡಬಹುದು. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ.

ಟ್ಯಾಗ್‌ನ ಸಣ್ಣ ಅಕ್ಷರವನ್ನೂ ಓದಿ. ಬಿಡಿಯಾಗಿ ಮಾರುವ ಸಿದ್ಧ ಉಡುಪಿಗೆ ಸೈಜಿನ ಜೊತೆ ಸೆಂಟಿಮೀಟರ್ ಲೆಕ್ಕವೂ ಇರಬೇಕು ಅಂತ 2022ರಲ್ಲಿ ತಿದ್ದಿದ ಲೀಗಲ್ ಮೆಟ್ರಾಲಜಿ (ತೂಕ-ಅಳತೆ) ನಿಯಮದಲ್ಲಿದೆ. ಆನ್‌ಲೈನಿನಲ್ಲಾದರೆ ಅಳತೆ ಚಾರ್ಟ್ ಇಲ್ಲದ ಬಟ್ಟೆಯನ್ನು ನಾನು ಮುಟ್ಟುವುದೇ ಇಲ್ಲ. ಬಟ್ಟೆಯ ಅಳತೆ ಕೊಟ್ಟಿದ್ದಾರಾ, ಮಗುವಿನ ಮೈ ಅಳತೆ ಕೊಟ್ಟಿದ್ದಾರಾ ಅನ್ನುವುದನ್ನೂ ನೋಡಿಕೊಳ್ಳಿ. ಎರಡೂ ಬೇರೆ.

ಸ್ವೆಟರ್ ವಿಚಾರ. ಒಳಗೆ ಇನ್ನೊಂದು ಅಂಗಿ ಇರುತ್ತದೆ, ಹಾಗಾಗಿ ಎದೆ ಅಳತೆ ನೀವು ಬರೆದಿಟ್ಟದ್ದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಅಗಲ ಇರಲಿ. ತೋಳು ಉದ್ದವಾದರೆ ಮಡಚಬಹುದು, ಕುತ್ತಿಗೆ ದೊಡ್ಡದಾದರೆ ಏನೂ ಮಾಡಲಾಗದು. ಮುಂದೆ ಬಟನ್ ಇರುವುದನ್ನೇ ತೆಗೆದುಕೊಳ್ಳಿ, ತಲೆಯಿಂದ ತೂರಿಸುವುದು ಬೇಡ. ಬೆಳೆಯುತ್ತಾಳೆ ಅಂತ ಎರಡು ಸೈಜ್ ದೊಡ್ಡದು ತಂದರೆ ಮಲಗಿದಾಗ ಮೂಗಿನವರೆಗೆ ಸರಿದು ಬರುತ್ತದೆ. ನಿದ್ದೆ ಮಾಡುವಾಗ ಟೋಪಿ ಮತ್ತು ದಾರವಿರುವ ಕುಲಾವಿ ತೆಗೆದುಬಿಡಿ. ಜನವರಿ ದಾಟಿದರೆ ಇಲ್ಲಿ ಸ್ವೆಟರಿಗೆ ಹೆಚ್ಚು ಕೆಲಸ ಇರುವುದಿಲ್ಲ. ಎರಡು ಇದ್ದರೆ ಸಾಕು, ಒಂದು ಒಗೆಯಲು, ಒಂದು ಹಾಕಲು. ಯಾರಾದರೂ ಉಡುಗೊರೆ ಕೊಡುತ್ತೇವೆ ಅಂದರೆ ಸ್ವೆಟರ್ ಬೇಡ, ಬೇಸಿಗೆಗೆ ಹತ್ತಿಯ ಫ್ರಾಕ್ ಕೊಡಿ ಅನ್ನಿ, ಬಿಲ್ ಜೊತೆಗೆ.