ಭೇದಿ ನಿಲ್ಲಲು ಕೊಟ್ಟ ಮಾತ್ರೆ ಶುರು ಮಾಡಿದ ಮೇಲೆ ಒಣ ಕೆಮ್ಮು, ಸಣ್ಣ ಜ್ವರ. ಯಾವ ಸಿರಪ್ ಒಳ್ಳೆಯದು?

ಯಾವ ಸಿರಪ್ಪೂ ಬೇಡ. ಮೊದಲು ಆ ಸ್ಟ್ರಿಪ್ ತಿರುಗಿಸಿ ಹಿಂದೆ ಏನು ಬರೆದಿದೆ ನೋಡಿ. ಫ್ಯೂರಾಜೋಲಿಡೋನ್ (ಭೇದಿಗೆ ಕೊಡುವ ಒಂದು ಆಂಟಿಬಯೋಟಿಕ್) ಅಂತಿದ್ದರೆ ಇದು ನಾನು ಪಟ್ಟ ಪಾಡೇ ಇರಬಹುದು.

ಮದುವೆ ಊಟ ಮಾಡಿ ಬಂದು ಹೊಟ್ಟೆ ಕೆಟ್ಟಿತ್ತು. ಡಾಕ್ಟರ್ ಕೊಟ್ಟ ಹಳದಿ ಮಾತ್ರೆಗೆ ಭೇದಿ ನಿಂತಿತು. ಮೂತ್ರ ಮಾತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಹೆದರಿ ಫೋನ್ ಮಾಡಿದರೆ, ಅದು ಆ ಔಷಧಿಯಿಂದಲೇ, ಏನೂ ಆಗಲ್ಲ ಅಂದರು. ಆಮೇಲೆ ಕೆಮ್ಮು, ಜ್ವರ ಬಂದಾಗ ಫೋನ್ ಮಾಡಲಿಲ್ಲ. ಹೊಟ್ಟೆ ಮಾತ್ರೆಗೂ ಕೆಮ್ಮಿಗೂ ಏನು ಸಂಬಂಧ, ಅಲ್ವಾ?

ಎಡವಿದ್ದು ಇಲ್ಲೇ. ಭೇದಿ ನಿಂತಿತಲ್ಲ ಅಂತ ಮಾತ್ರೆ ಬಿಟ್ಟೆ, ಕೆಮ್ಮೂ ಹೋಯಿತು, ಅದು ಹೋಗಿದ್ದು ಮಾತ್ರೆ ಬಿಟ್ಟಿದ್ದಕ್ಕೆ ಅಂತ ಹೊಳೆಯಲೇ ಇಲ್ಲ, ಶುಂಠಿ ಕಷಾಯದ ಮಹಿಮೆ ಅಂದುಕೊಂಡು ಉಳಿದ ಮಾತ್ರೆ ಡಬ್ಬಿಗೆ ಹಾಕಿಟ್ಟೆ. ಮತ್ತೊಮ್ಮೆ ಹೊಟ್ಟೆ ಕೆಟ್ಟಾಗ ಸುಮ್ನೆ ಫೀಸ್ ಯಾಕೆ ಅಂತ ಅದನ್ನೇ ನುಂಗಿದೆ. ಒಮ್ಮೆ ಅಲರ್ಜಿಯಾದ ಔಷಧಿ ಮತ್ತೆ ಒಳಗೆ ಹೋದರೆ ದಿನಗಟ್ಟಲೆ ಕಾಯುವುದಿಲ್ಲ. ಮಧ್ಯಾಹ್ನ ನುಂಗಿದ್ದಕ್ಕೆ ರಾತ್ರಿಯೇ ಚಳಿಜ್ವರ. ಮಹಡಿ ಮೆಟ್ಟಿಲಿನ ಅರ್ಧದಲ್ಲಿ ಕಂಬಿ ಹಿಡಿದು ನಿಂತುಬಿಟ್ಟೆ, ಉಸಿರೇ ಸಾಲದು.

ಎಕ್ಸ್‌-ರೇಯಲ್ಲಿ ಎರಡೂ ಕಡೆ ಬಿಳಿ ಬಿಳಿ ಮಚ್ಚೆ. ನ್ಯುಮೋನಿಯಾ ಅಂತ ಆಂಟಿಬಯೋಟಿಕ್ ಶುರು ಮಾಡಿದರು. ರಕ್ತದಲ್ಲಿ ಇಯೊಸಿನೊಫಿಲ್ (ಅಲರ್ಜಿಯಲ್ಲಿ ಹೆಚ್ಚುವ ಒಂದು ಬಗೆಯ ಬಿಳಿ ರಕ್ತಕಣ) ಜಾಸ್ತಿ ಇದ್ದದ್ದು ನೋಡಿದ ಮೇಲೆ ಹಿರಿಯ ಡಾಕ್ಟರೊಬ್ಬರು, "ಬೇರೆ ಏನಾದ್ರೂ ಮಾತ್ರೆ ತಗೊಂಡ್ರಾ?" ಅಂತ ಕೇಳಿದರು. ಸೋಂಕಲ್ಲ, ಔಷಧಿಗೆ ಶ್ವಾಸಕೋಶ ತಿರುಗಿಬಿದ್ದಿತ್ತು. ಮಾತ್ರೆ ನಿಂತ ಮೇಲೆ ಬೇಗನೆ ಸುಧಾರಿಸಿತು. ಉರಿಮೂತ್ರಕ್ಕೆ ಕೊಡುವ ನೈಟ್ರೋಫ್ಯೂರಾಂಟೊಯಿನ್ ಕೂಡ ಇದೇ ಗುಂಪಿನದು, ಶ್ವಾಸಕೋಶದ ವಿಷಯದಲ್ಲಿ ಅದಕ್ಕೆ ಇನ್ನೂ ಕೆಟ್ಟ ಹೆಸರಿದೆ. ಯಾವ ಡಾಕ್ಟರ್ ಹತ್ತಿರ ಹೋದರೂ ಈಗ ಎರಡೂ ಹೆಸರು ಹೇಳುತ್ತೇನೆ.

ಇದು ಅಪರೂಪ. ನಿಮ್ಮದು ಬರೀ ನೆಗಡಿ ಕೆಮ್ಮೂ ಇರಬಹುದು. ಆದರೆ ಅದನ್ನು ತೀರ್ಮಾನ ಮಾಡಬೇಕಾದ್ದು ನಾನೂ ಅಲ್ಲ, ಮೆಡಿಕಲ್ ಶಾಪಿನವರೂ ಅಲ್ಲ. ಮುಂದಿನ ಮಾತ್ರೆ ನುಂಗುವ ಮೊದಲು ಬರೆದುಕೊಟ್ಟವರಿಗೆ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟವಾದರೆ ಫೋನ್ ಮಾಡುತ್ತಾ ಕೂರಬೇಡಿ, ಸ್ಟ್ರಿಪ್ ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಡಿ.

ಅಂದ ಹಾಗೆ, ಆಸ್ತಮಾಗೆ ಥಿಯೋಫಿಲಿನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಭೇದಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಹೊಟ್ಟೆ ಹುಣ್ಣು ತರುವ ಎಚ್. ಪೈಲೋರಿ ಬ್ಯಾಕ್ಟೀರಿಯಾಕ್ಕೆ ಕೊಡುವ ಕ್ಲಾರಿಥ್ರೊಮೈಸಿನ್ ಎರಡೂ ರಕ್ತದಲ್ಲಿ ಥಿಯೋಫಿಲಿನ್ ಮಟ್ಟ ಏರಿಸುತ್ತವೆ. ಎದೆ ಡವಡವ, ಕೈ ನಡುಕ, ವಾಂತಿ ಬಂದರೆ ಅದೂ ಕಾರಣ ಇರಬಹುದು.